ಏಳನೇ ಸಾಲಿನ ಹನ್ನೆರಡನೇ ಜಾಗ

ಸ್ಮಶಾನದ ಕಚೇರಿಯ ಗುಮಾಸ್ತನಿಗೆ ಸಿ ಭಾಷೆ ಬರುತ್ತದೆ ಎಂಬ ಸುದ್ದಿಯನ್ನು ಹಬ್ಬಿಸಿದವನು ಸ್ವತಃ ಗುಮಾಸ್ತನೇ. ಬೇರೆ ಯಾರಿಗೂ ಅಂಥ ಅನುಮಾನ ಬಂದಿರಲಿಲ್ಲ.

ಮದುವೆಗೆ ಮುಂಚೆ ಅವನು ಕಂಪ್ಯೂಟರಿನ ಸಂಜೆ ತರಗತಿಗೆ ಸೇರಿದ್ದುಂಟು. ಸ್ಟ್ರಕ್ಚರ್ ಎಂಬ ಪಾಠದ ಮೊದಲ ಪುಟದವರೆಗೆ ಹೋಗಿ, ಅಲ್ಲಿ ಜ್ವರ ಬಂದು ಮಲಗಿದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಪುಸ್ತಕ ಮಾತ್ರ ಕಪಾಟಿನಲ್ಲಿ ಉಳಿದಿತ್ತು. ಆ ಪುಟದಲ್ಲಿ ಜ್ವರದ ಮಾತ್ರೆಯ ಖಾಲಿ ಪಟ್ಟಿಯೊಂದು ಗುರುತಾಗಿ ಸಿಕ್ಕಿಕೊಂಡಿತ್ತು. ಅವನ ವಿದ್ಯೆಯ ಗಡಿಕಲ್ಲು ಅದೇ.

ಕಚೇರಿ ಎಂದರೆ ಗೇಟಿನ ಪಕ್ಕದ ಎರಡು ಕೋಣೆ. ಒಂದರಲ್ಲಿ ಸೂಪರಿಂಟೆಂಡೆಂಟರು ಮತ್ತು ಪ್ರಿಂಟರು, ಇನ್ನೊಂದರಲ್ಲಿ ಗುಮಾಸ್ತ ಮತ್ತು ಕಂಪ್ಯೂಟರು. ಯಾರಾದರೂ ತೀರಿಕೊಂಡರೆ ಅವರ ಕಡೆಯವರು ಬಂದು ಹೆಸರು ಹೇಳುತ್ತಾರೆ. ಗುಮಾಸ್ತ ಹೆಸರು ಒತ್ತುತ್ತಾನೆ. ಕಂಪ್ಯೂಟರು ಖಾಲಿ ಇರುವ ಮೊದಲ ಜಾಗ ಹುಡುಕಿ, ಸಾಲು ಇಷ್ಟು, ಸಂಖ್ಯೆ ಇಷ್ಟು ಎಂದು ಆಚೆ ಕೋಣೆಯಲ್ಲಿ ಚೀಟಿ ಹೊಡೆಯುತ್ತದೆ. ಸೂಪರಿಂಟೆಂಡೆಂಟರು ಮೊಹರು ಒತ್ತಿದರೆ ಮುಗಿಯಿತು, ಸತ್ತವರೇ ಎದ್ದು ಬಂದು ಬೇಡಿಕೊಂಡರೂ ಜಾಗ ಬದಲಾಗುವುದಿಲ್ಲ. ಯಾರಿಗೂ ಕೊಡಬಾರದ ಜಾಗಗಳೂ ಕೆಲವಿದ್ದವು: ದೊಡ್ಡ ಮರ ನಿಂತದ್ದು, ನಲ್ಲಿ ಇದ್ದದ್ದು, ಕಾವಲುಗಾರನ ಶೆಡ್ಡು. ಪ್ರೋಗ್ರಾಮು ಬರೆದವನು ಇವಕ್ಕೆಲ್ಲ ಪ್ರೋಗ್ರಾಮಿನೊಳಗೇ ಒಂದೊಂದು ಗೆರೆ ಬರೆದು ಜಾಗ ಕಾದಿರಿಸಿದ್ದ. ಎರಡು ವರ್ಷದ ಹಿಂದೆ ಏಳನೇ ಸಾಲಿನಲ್ಲಿ ನೀರಿನ ಪೈಪು ಒಡೆದಾಗ ಹನ್ನೆರಡರಿಂದ ಆಚೆಗೆ ಇನ್ನೊಂದು ಗೆರೆ ಬಿತ್ತು. ಬದಲಿಗೆ, ಅದುವರೆಗೆ ತಡೆದಿಟ್ಟಿದ್ದ ಆರನೇ ಸಾಲನ್ನು ಬಿಟ್ಟುಕೊಟ್ಟರು.

ಈಗ ಪೈಪು ರಿಪೇರಿಯಾಯಿತು. ಗೆರೆ ಅಳಿಸಬೇಕಿತ್ತು. ಪ್ರೋಗ್ರಾಮು ಬರೆದವನೋ ವರ್ಷಕ್ಕೊಮ್ಮೆ ಮುಖ ತೋರಿಸುವ ಆಸಾಮಿ.

"ಒಂದು ಗೆರೆ ಅಳಿಸೋಕೆ ಏನ್ರೀ ಮಹಾ ವಿದ್ಯೆ ಬೇಕು?" ಎಂದರು ಸೂಪರಿಂಟೆಂಡೆಂಟರು. "ನಾನಂತೂ ಮುಟ್ಟಲ್ಲ."

"ನಾನು ಸಿ ಓದಿದೀನಿ ಸರ್," ಎಂದ ಗುಮಾಸ್ತ.

ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಅವನನ್ನು ನೋಡಿದರು. ಇಷ್ಟು ವರ್ಷ ತಮ್ಮ ಪಕ್ಕದ ಕೋಣೆಯಲ್ಲಿ ಸೀನುತ್ತಿದ್ದ ಪ್ರಾಣಿ ಇದೇನಾ ಎಂಬಂತಿತ್ತು ಆ ನೋಟ. "ಎಷ್ಟು ಓದಿದೀರಿ?"

"ಸ್ಟ್ರಕ್ಚರ್‌ವರೆಗೂ ಸರ್."

ಸ್ಟ್ರಕ್ಚರ್ ಎಲ್ಲಿ ಬರುತ್ತದೆ ಎಂಬುದು ಸೂಪರಿಂಟೆಂಡೆಂಟರಿಗೆ ಗೊತ್ತಿರಲಿಲ್ಲ. ಕೊನೆಯಲ್ಲೇ ಬರುತ್ತದೆಂದು ತಿಳಿದು ಅಪ್ಪಣೆ ಕೊಟ್ಟರು. ಗುಮಾಸ್ತ ಉಸಿರು ಬಿಗಿಹಿಡಿದು ಗೆರೆ ಅಳಿಸಿದ. ಕಂಪ್ಯೂಟರು 'ತಪ್ಪು ಸೊನ್ನೆ' ಎಂದಿತು. ಅವನ ಬದುಕಿನಲ್ಲಿ ಅವನನ್ನು ಕುರಿತು ಯಾರೂ ಅಂಥ ಮಾತು ಆಡಿರಲಿಲ್ಲ.

ಆ ಖುಷಿಯಲ್ಲಿ ಅವನು ಒಂದು ಸಣ್ಣ ಸಂಗತಿಯನ್ನು ಮರೆತ. ಏಳನೇ ಸಾಲಿನ ಹನ್ನೊಂದನೇ ಜಾಗದಲ್ಲಿ ಅವನ ಮಾವ ಮಲಗಿದ್ದರು. ಪಕ್ಕದ ಹನ್ನೆರಡನೆಯದರಲ್ಲಿ ಪ್ರತಿ ಭಾನುವಾರ ಅತ್ತೆ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಕೂತು ವಾರದ ವರದಿ ಒಪ್ಪಿಸುತ್ತಿದ್ದರು. ವರದಿಯ ಬಹುಭಾಗ ಅಳಿಯನ ಕುರಿತೇ ಇರುತ್ತಿತ್ತು. ನೆಲ ತೇವವಾಗಿದೆ, ಕಾಲು ನೋಯುತ್ತದೆ ಎಂದು ಯಾರಾದರೂ ಹೇಳಿದರೆ, "ಇರಲಿ ಬಿಡಿ, ಮುಂದೆ ಇರೋ ಮನೆ. ಅಭ್ಯಾಸ ಆಗಲಿ," ಎನ್ನುತ್ತಿದ್ದರು.

ರಾತ್ರಿ ಊಟಕ್ಕೆ ಕೂತಾಗ ಗುಮಾಸ್ತ ಎದೆಯುಬ್ಬಿಸಿ ಹೇಳಿದ: "ಇವತ್ತು ನಾನೇ ಕೈಯಾರೆ ಏಳನೇ ಸಾಲು ತೆರೆದೆ."

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. "ತೆರೆದೆ ಅಂದ್ರೆ?"

"ಇನ್ನು ಅಲ್ಲೂ ಜನರನ್ನ ಹಾಕಬಹುದು."

"ಯಾರನ್ನ?"

ಈಗ ಗುಮಾಸ್ತನಿಗೆ ಹೊಳೆಯಿತು. ಹೊಳೆದದ್ದು ಮುಖದಲ್ಲಿ ಕಂಡಿತು. ಹೆಂಡತಿ ಲೋಟ ಕುಕ್ಕಿದಳು. "ಅಮ್ಮನ ಜಾಗಾನ ನೀವೇ ಊರಿಗೆಲ್ಲ ಬಿಟ್ಟುಕೊಟ್ಟು ಬಂದಿದೀರಾ?"

"ನೀನು ಸುಮ್ಮನಿರೇ," ಎಂದರು ಅತ್ತೆ. ಅಳಿಯನಿಗೆ ಅವರು ಬಹುವಚನ ತಪ್ಪಿಸಿದವರಲ್ಲ. ಅದರಿಂದ ಅವನಿಗೆ ಆಗುತ್ತಿದ್ದ ನೋವು ಏಕವಚನದಿಂದ ಆಗುತ್ತಿರಲಿಲ್ಲ. "ಅಳಿಯಂದಿರು ಓದಿದವರು. ಏನೋ ಯೋಚನೆ ಮಾಡೇ ಮಾಡಿರ್ತಾರೆ. ಮನೇಲಿ ಅವರ ಪಕ್ಕ ನಲವತ್ತು ವರ್ಷ ಮಲಗಿದ್ದೆ. ಇನ್ನು ಮೇಲೆ ಗೋಡೆ ಬದಿಗೋ ನಲ್ಲಿ ಬದಿಗೋ ಮಲಗಿಸ್ತಾರೆ. ನನಗೇನು, ಬಟ್ಟೆ ಒಗೆಯೋಕಾದ್ರೂ ಹತ್ರ ಆಗುತ್ತೆ."

"ಹಾಗಲ್ಲ ಅತ್ತೆ! ಕಾದಿರಿಸ್ತೀನಿ. ಪ್ರೋಗ್ರಾಮಲ್ಲೇ ಕಾದಿರಿಸ್ತೀನಿ. ಹೆಂಡತಿಗೆ ಗಂಡನ ಪಕ್ಕ ಕೊಡಬಹುದು ಅಂತ ನಿಯಮಾನೇ ಇದೆ. ನಾಳೆ ನಿಮ್ಮ ಹೆಸರಲ್ಲಿ ಒಂದು ಸ್ಟ್ರಕ್ಚರ್ ಡಿಕ್ಲೇರ್ ಮಾಡಿಬಿಡ್ತೀನಿ!"

ಅತ್ತೆಗೆ ಅರ್ಥವಾದದ್ದು 'ನಿಮ್ಮ ಹೆಸರಲ್ಲಿ' ಎಂಬುದಷ್ಟೇ. ಅವರು ಮತ್ತೆ ಊಟಕ್ಕೆ ಕೈ ಹಾಕಿದರು.

ಮರುದಿನ ಸೂಪರಿಂಟೆಂಡೆಂಟರು ಊಟಕ್ಕೆ ಹೋದ ಮೇಲೆ ಗುಮಾಸ್ತ ಪುಸ್ತಕ ಬಿಡಿಸಿ, ಮಾತ್ರೆಯ ಪಟ್ಟಿ ಪಕ್ಕಕ್ಕಿಟ್ಟು ಕೂತ. ಪ್ರೋಗ್ರಾಮಿನ ನೆತ್ತಿಯಲ್ಲೇ ಒಂದು ಮಾದರಿ ಇತ್ತು. 'ಸ್ಟ್ರಕ್ಟ್ ಜಾಗ' ಎಂದು ಬರೆದು, ಸುರುಳಿ ಬ್ರ್ಯಾಕೆಟ್ ತೆರೆದು, ಒಳಗೆ ಹೆಸರು, ಸಾಲು, ಸಂಖ್ಯೆ ಎಂದು ಒಂದರ ಕೆಳಗೊಂದು ಜೋಡಿಸಿ, ಬ್ರ್ಯಾಕೆಟ್ ಮುಚ್ಚಿತ್ತು. ತುಂಬು ಸಂಸಾರದಂತೆ ಭರ್ಜರಿಯಾಗಿತ್ತು. ಬಹಳ ಕೆಳಗೆ, ಯಾವುದೋ ಮೂಲೆಯಲ್ಲಿ, 'ಸ್ಟ್ರಕ್ಟ್ ಜಾಗ ಮರ' ಎಂಬ ಒಂಟಿ ಗೆರೆ, ಅದರ ಮುಂದೆ ಎರಡು ಅಂಕೆ. ಬಡಕಲು ಗೆರೆ. ಅತ್ತೆಯ ಘನತೆಗೆ ಅದು ತಕ್ಕುದಲ್ಲ ಎನ್ನಿಸಿತು. ಮೇಲಿನದನ್ನೇ ನೋಡಿಕೊಂಡು 'ಸ್ಟ್ರಕ್ಟ್ ಅತ್ತೆ' ಎಂದು ಶುರು ಮಾಡಿದ.

ಮೊದಲ ಸಲ ಕಂಪ್ಯೂಟರು ಅದರ ಕೆಳಗಿನ ಗೆರೆಯಲ್ಲಿ ತಪ್ಪಿದೆ ಎಂದಿತು. ಕೆಳಗಿನದು ಪ್ರೋಗ್ರಾಮು ಬರೆದವನ ಗೆರೆ, ಪಾಪ, ಎಷ್ಟೋ ವರ್ಷದಿಂದ ತನ್ನ ಪಾಡಿಗೆ ತಾನಿದ್ದದ್ದು. ಬಹಳ ಹೊತ್ತಿನ ಮೇಲೆ ತಿಳಿಯಿತು: ಮುಚ್ಚಿದ ಬ್ರ್ಯಾಕೆಟ್ಟಿನ ಮುಂದೆ ಸೆಮಿಕೋಲನ್ ಹಾಕಿರಲಿಲ್ಲ. ತಪ್ಪು ಮಾಡಿದವನನ್ನು ಬಿಟ್ಟು ಪಕ್ಕದಲ್ಲಿ ನಿಂತವನ ಕೊರಳಪಟ್ಟಿ ಹಿಡಿಯುವುದರಲ್ಲಿ ಈ ಯಂತ್ರಕ್ಕೂ ತನ್ನ ಮೇಲಿನವರಿಗೂ ಬಹಳ ಹೋಲಿಕೆಯಿದೆ ಎಂದುಕೊಂಡು ಅದನ್ನು ಹಾಕಿದ. ಎರಡನೇ ಸಲ, ಬ್ರ್ಯಾಕೆಟ್ಟಿನೊಳಗೆ 'ಸಾಲು ಸಮ ಏಳು' ಎಂದು ಬರೆದದ್ದಕ್ಕೆ ರೇಗಿತು. ಅಲ್ಲಿ ಬೆಲೆ ಕೊಡಬಾರದಂತೆ. ಸರಿ, 'ಸಮ ಏಳು' ತೆಗೆದ. ಸುಮ್ಮನಾಯಿತು. ಆದರೆ ಏಳು ಎಂದು ಎಲ್ಲೂ ಹೇಳದಿದ್ದರೆ ಏಳು ಎಂದು ಅದಕ್ಕೆ ತಿಳಿಯುವುದು ಹೇಗೆ? ಗುಮಾಸ್ತ ತಲೆ ಓಡಿಸಿದ. ಒಳಗಿನ ಸದಸ್ಯರ ಹೆಸರನ್ನೇ 'ಏಳನೇಸಾಲು', 'ಹನ್ನೆರಡನೇಜಾಗ' ಎಂದು ಬದಲಿಸಿದ.

ತಪ್ಪು ಸೊನ್ನೆ.

ಅವನ ಕಣ್ಣು ಒದ್ದೆಯಾಯಿತು.

ಅತ್ತೆ ಸುದ್ದಿಯನ್ನು ಮನೆಯೊಳಗೆ ಇಟ್ಟುಕೊಳ್ಳುವ ಪೈಕಿಯಲ್ಲ. ಸಂಜೆಯೊಳಗೆ ಬೀದಿಗೆಲ್ಲ ತಿಳಿಯಿತು. ಮೊದಲು ಬಂದವರು ಮೂಲೆಯಂಗಡಿಯ ದರ್ಜಿ ದಂಪತಿ.

"ನಮ್ಮಿಬ್ಬರನ್ನೂ ಒಂದೇ ಕಡೆ ಹಾಕಿಬಿಡಿ ಸಾರ್," ಎಂದ ದರ್ಜಿ. "ನಿಮ್ಮ ಪ್ಯಾಂಟು ಎಷ್ಟು ಸಲ ಬಿಚ್ಚಿ ಹೊಲಿದುಕೊಟ್ಟಿಲ್ಲ?"

"ಒಂದು ಸ್ಟ್ರಕ್ಚರಿನ ಒಳಗೆ ಇನ್ನೊಂದು ಇಡಬಹುದು," ಎಂದ ಗುಮಾಸ್ತ, ಪುಸ್ತಕದ ಮುಂದಿನ ಪುಟ ಆಗಷ್ಟೇ ಓದಿದ್ದರಿಂದ. "ಯಜಮಾನರದ್ದು ಹೊರಗೆ, ನಿಮ್ಮದು ಒಳಗೆ."

"ಅಲ್ಲೂ ನಾನೇ ಒಳಗೆ ಕೂರಬೇಕಾ?" ಎಂದಳು ದರ್ಜಿಯ ಹೆಂಡತಿ. "ಜನ್ಮವೆಲ್ಲ ಕಾಜ ಹಾಕ್ಕೊಂಡು ಒಳಗೇ ಕೂತಿದೀನಿ. ಈ ಸಲ ಅವರನ್ನ ಒಳಗೆ ಹಾಕಿ."

ಆಮೇಲೆ ಬಂದವರು ಕರೆಂಟಿನ ಮೀಟರು ಓದಿ ನಿವೃತ್ತರಾದ ಮಹನೀಯರು. ಅಣ್ಣನ ಜತೆ ಮಾತು ಬಿಟ್ಟವರು. "ನನ್ನನ್ನ ಎಲ್ಲಾದರೂ ಹಾಕಿ, ಅಣ್ಣನಿಗೂ ನನಗೂ ನಡುವೆ ಏನಾದರೂ ಅಡ್ಡ ಇರಲಿ."

"ನಡುವೆ ಒಂದು ಇಂಟ್, ಅಂದ್ರೆ ಒಂದು ಅಂಕೆಯಷ್ಟು ಜಾಗ, ಬಿಡ್ತೀನಿ."

"ಒಂದು ಸಾಕಾಗಲ್ಲ. ಅವನ ಗೊರಕೆ ನಿಮಗೆ ಗೊತ್ತಿಲ್ಲ."

ಗುಮಾಸ್ತ ಯಾರಿಗೂ ಇಲ್ಲ ಎನ್ನಲಿಲ್ಲ. ಸತ್ತವರ ಮನೆಯವರು ಅಳುವುದನ್ನು ಮಾತ್ರ ನೋಡಿ ಬಲ್ಲವನಿಗೆ ಬದುಕಿರುವವರು ನಗುನಗುತ್ತಾ ಕೈ ಮುಗಿಯುವುದು ಹೊಸದು. ಪ್ರೋಗ್ರಾಮಿನ ನೆತ್ತಿಯ ಮೇಲೆ ಸ್ಟ್ರಕ್ಚರುಗಳು ಬೆಳೆದವು. ಆ ದಿನಗಳಲ್ಲಿ ತೀರಿಕೊಂಡವರೆಲ್ಲ ಆರನೇ ಸಾಲಿನಲ್ಲಿ ಉಳಿದಿದ್ದ ಜಾಗಗಳಿಗೆ ಹೋದರು. ಆರನೆಯದು ಮುಗಿಯದೆ ಏಳನೆಯದಕ್ಕೆ ಯಂತ್ರ ಕೈ ಹಾಕುವುದಿಲ್ಲ. ಗುಮಾಸ್ತ ಮಾತ್ರ ಇದನ್ನು ತನ್ನ ಸ್ಟ್ರಕ್ಚರಿನ ಪ್ರಭಾವ ಎಂದು ಭಾವಿಸಿದ.

ಕೊನೆಗೆ ಸುದ್ದಿ ಸೂಪರಿಂಟೆಂಡೆಂಟರ ಕಿವಿಗೂ ಬಿತ್ತು. ಅವರು ಬಾಗಿಲು ಹಾಕಿಕೊಂಡರು.

"ಏನ್ರೀ ಇದು? ಸರ್ಕಾರಿ ಯಂತ್ರದಲ್ಲಿ ಬೀದಿಯವರಿಗೆಲ್ಲ ಜಾಗ ಹಂಚ್ತಿದೀರಂತೆ? ನಿಯಮ ಇರೋದು ಗಂಡ ಹೆಂಡತಿಗೆ ಮಾತ್ರ. ನಿಮ್ಮ ಮೇಲೆ ವರದಿ ಬರೆದರೆ ನೀವು ಮನೇಲಿರ್ತೀರಿ, ಗೊತ್ತಾ? ಗೊತ್ತೇನ್ರೀ?"

"ಗೊತ್ತು ಸರ್."

ಸೂಪರಿಂಟೆಂಡೆಂಟರು ಕಿಟಕಿಯಾಚೆ ನೋಡಿದರು. ಬಿಸಿಲಿತ್ತು. "ಆ ಮರದ ಹತ್ರ," ಎಂದರು ದನಿ ತಗ್ಗಿಸಿ, "ನೆರಳು ಬೀಳೋ ಕಡೆ ಒಂದು ಇದ್ರೆ..."

ಬೀದಿಯಲ್ಲಿ ಏನೂ ಕೇಳದೆ ಉಳಿದವರು ಒಬ್ಬರೇ, ಎದುರುಮನೆ ಟೀಚರು. ಗಣಿತ ಕಲಿಸಿ ನಿವೃತ್ತರಾದ ಒಂಟಿ ಹೆಂಗಸು. ಮಾವ ಬದುಕಿದ್ದಾಗ ದಿನಾ ಬೆಳಿಗ್ಗೆ ಅವರು ಆ ಬಾಗಿಲಲ್ಲಿ, ಇವರು ಈ ಬಾಗಿಲಲ್ಲಿ ಪೇಪರು ಹಿಡಿದು ನಿಂತು, ನಡುವೆ ಬೀದಿಯಿದ್ದರೂ ಒಟ್ಟಿಗೇ ಪದಬಂಧ ಬಿಡಿಸುತ್ತಿದ್ದರು. ಅತ್ತೆಗೆ ಇದು ಎಂದೂ ಸೇರುತ್ತಿರಲಿಲ್ಲ. "ಮನೆಯೊಳಗೆ ಉಪ್ಪು ಎಲ್ಲಿದೆ ಅಂತ ಕೇಳಿದ್ರೆ ಬಾಯಿ ಬಿಡ್ತಿರಲಿಲ್ಲ. ಅವಳಿಗೆ ಮಾತ್ರ ಐದಕ್ಷರ, ಆರಕ್ಷರ, ಕೂಗಿದ್ದೇ ಕೂಗಿದ್ದು," ಎಂದು ಈಗಲೂ ಭಾನುವಾರದ ವರದಿಯಲ್ಲಿ ಸೇರಿಸುತ್ತಿದ್ದರು.

ಗುಮಾಸ್ತ ತಾನಾಗಿಯೇ ಕೇಳಿದಾಗ ಟೀಚರು ನಕ್ಕರು. "ನನಗ್ಯಾಕಪ್ಪ? ಎಲ್ಲಿ ಹಾಕಿದರೆ ಅಲ್ಲಿ. ನೋಡೋಕೆ ನಾನೇನು ಇರ್ತೀನಾ?"

ಒಂದು ಬೆಳಿಗ್ಗೆ ಎದುರುಮನೆಯ ಪೇಪರು ಬಾಗಿಲಲ್ಲೇ ಬಿದ್ದಿತ್ತು. ಮೊದಲು ನೋಡಿದವರು ಅತ್ತೆ. ಆ ಬಾಗಿಲ ಮೇಲೆ ಅವರಷ್ಟು ಕಣ್ಣಿಟ್ಟವರು ಇನ್ನಾರೂ ಇರಲಿಲ್ಲ. ಹೋಗಿ ತಟ್ಟಿದರು. ತಟ್ಟುತ್ತಲೇ ಇದ್ದರು. ಆಮೇಲೆ ವಾಪಸು ಬಂದು, "ಬೀಗ ಒಡೆಯೋರನ್ನ ಕರೀರಿ," ಎಂದರು.

ಟೀಚರ ತಮ್ಮನ ಮಗ ಮಧ್ಯಾಹ್ನದ ಹೊತ್ತಿಗೆ ಕಚೇರಿಗೆ ಬಂದ. ಗುಮಾಸ್ತ ಹೆಸರು ಒತ್ತಿದ. ಪರದೆಯ ಮೇಲೆ ಮೂಡಿತು: ಸಾಲು ಏಳು, ಸಂಖ್ಯೆ ಹನ್ನೆರಡು.

ಆಚೆ ಕೋಣೆಯಲ್ಲಿ ಪ್ರಿಂಟರು ಕೆಮ್ಮಿತು.

ಗುಮಾಸ್ತ ಕಂಪ್ಯೂಟರಿನ ತಲೆಯ ಮೇಲೆ ಮೆಲ್ಲಗೆ ತಟ್ಟಿದ. ಅದು ಮನಸ್ಸು ಬದಲಿಸಲಿಲ್ಲ. "ಒಂದು ನಿಮಿಷ ಕೂತಿರಿ," ಎಂದು ಹೇಳಿ ಪ್ರೋಗ್ರಾಮು ಬರೆದವನಿಗೆ ಫೋನು ಹಚ್ಚಿದ.

"ಏನು ಬರೆದಿದೀರಿ? ಓದಿ," ಎಂದಿತು ಆ ಕಡೆಯಿಂದ ಒಂದು ಬೇಸತ್ತ ದನಿ.

"ಸ್ಟ್ರಕ್ಟ್ ಅತ್ತೆ. ಬ್ರ್ಯಾಕೆಟ್. ಹೆಸರು, ಏಳನೇಸಾಲು, ಹನ್ನೆರಡನೇಜಾಗ. ಬ್ರ್ಯಾಕೆಟ್ ಮುಚ್ಚಿದೆ."

"ಮುಂದೆ?"

"ಸೆಮಿಕೋಲನ್. ಅದನ್ನ ಮರೆತಿಲ್ಲ ಸಾರ್."

"ಅದರ ಮುಂದೆ?"

"ಅಷ್ಟೇ."

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು. ಆಮೇಲೆ ದನಿ ಹೇಳಿತು: "ಅದು ಬರೀ ಅಚ್ಚು ಕಣ್ರೀ. ಅತ್ತೆ ಅಂದರೆ ಹೀಗಿರ್ತಾಳೆ ಅಂತ ಹೇಳಿದೀರಿ, ಸರಿ. ಅತ್ತೆ ಒಬ್ಬಳು ಇದಾಳೆ ಅಂತ ಎಲ್ಲಿ ಹೇಳಿದೀರಿ?"

"ಇದಾರಲ್ಲ ಸಾರ್. ಮನೇಲೇ ಇದಾರೆ."

"ಮನೇಲಲ್ಲರೀ, ಮೆಮೊರಿಯಲ್ಲಿ! ಸ್ಟ್ರಕ್ಚರ್ ಡಿಕ್ಲೇರ್ ಮಾಡಿದ ಮಾತ್ರಕ್ಕೆ ಅಂಗೈಯಗಲ ಜಾಗಾನೂ ಸಿಗಲ್ಲ. ಆಮೇಲೆ ಆ ಅಚ್ಚಿಂದ ಒಂದು ವೇರಿಯಬಲ್, ಅಂದರೆ ನಿಜವಾದ ಒಂದು ಪ್ರತಿ, ಮಾಡಬೇಕು, ಅದಕ್ಕೆ ಬೆಲೆ ತುಂಬಬೇಕು. ಆಗ ಜಾಗ. ಮರಕ್ಕೆ ನಾನು ಮಾಡಿದೀನಲ್ಲ, ನೋಡಲಿಲ್ವಾ?"

"ನೋಡಿದೆ ಸಾರ್," ಎಂದ ಗುಮಾಸ್ತ. "ಚಿಕ್ಕದಾಗಿತ್ತು."

ಫೋನು ಇಟ್ಟು ತಿರುಗಿದರೆ ಎದುರಿನ ಕುರ್ಚಿ ಖಾಲಿ. ಸೂಪರಿಂಟೆಂಡೆಂಟರು ಮೊಹರು ಒತ್ತಿ, ಚೀಟಿ ಕೊಟ್ಟು, ಮರದ ಕಡೆ ನೋಡುತ್ತಾ ಚಹ ಕುಡಿಯುತ್ತಿದ್ದರು. ಅವರಿಗೆ ನಿಜ ಹೇಳುವುದೆಂದರೆ ನೆರಳಿನ ವಿಷಯವನ್ನೂ ಹೇಳಬೇಕಿತ್ತು. ಗುಮಾಸ್ತ ಹೊಸ್ತಿಲಿಂದಲೇ ಹಿಂದಿರುಗಿದ. ಹೊರಗೆ ಗುದ್ದಲಿಯ ಸದ್ದು ಶುರುವಾಯಿತು.

ಸಂಜೆ ಬೀದಿಗೆ ಬೀದಿಯೇ ಬಂದಿತ್ತು. ಅತ್ತೆಯೂ ಬಂದರು. ಭಾನುವಾರವಲ್ಲದಿದ್ದರೂ ಅಭ್ಯಾಸಬಲದಿಂದ ಮಡಚುವ ಕುರ್ಚಿ ಕಂಕುಳಲ್ಲಿತ್ತು. ಜನರ ನಡುವೆ ದಾರಿ ಮಾಡಿಕೊಂಡು ಹನ್ನೊಂದನೇ ಜಾಗದವರೆಗೂ ಬಂದರು, ಕಣ್ಣು ಕಾಣದವರೂ ತಮ್ಮ ಹಾಸಿಗೆಗೆ ಬರುವಂತೆ. ಕುರ್ಚಿ ಬಿಡಿಸಿದರು. ಇಡಲು ಬಗ್ಗಿದರು. ಅಲ್ಲಿ ನೆಲವಿರಲಿಲ್ಲ.

ಅವರು ಗುಂಡಿಯನ್ನು ನೋಡಿದರು. ಅದರಾಚೆ ಬಿಳಿ ಬಟ್ಟೆಯಲ್ಲಿದ್ದ ಟೀಚರನ್ನು ನೋಡಿದರು. ಹನ್ನೊಂದರ ಕಲ್ಲಿನ ಮೇಲಿದ್ದ ಗಂಡನ ಹೆಸರನ್ನು ನೋಡಿದರು. ಕೊನೆಗೆ ಅಳಿಯನನ್ನು ನೋಡಿದರು.

"ಅಳಿಯಂದಿರೇ," ಎಂದರು ಬಹಳ ಮೃದುವಾಗಿ. "ನನ್ನ ಕುರ್ಚಿ ಎಲ್ಲಿ ಹಾಕ್ಲಿ?"

ಗುಮಾಸ್ತ ಉತ್ತರಿಸಬೇಕಾಯಿತು. ಅಚ್ಚು, ಮೆಮೊರಿ, ವೇರಿಯಬಲ್ ಎಂದೇನೇನೋ ತೊದಲಿದ. ಅವನ ಸಿ ಜ್ಞಾನ ಅಷ್ಟು ಜನರ ಮುಂದೆ ಪ್ರಕಟವಾದದ್ದು ಅದೇ ಮೊದಲು, ಅದೇ ಕೊನೆ.

"ಹಂಗಾರೆ ನಮ್ದು?" ಎಂದ ದರ್ಜಿ.

"ನಿಮ್ದೂ... ಇಲ್ಲ."

"ಒಳಗಿನದ್ದೂ ಇಲ್ವಾ?" ಎಂದಳು ಅವನ ಹೆಂಡತಿ. "ಅದಕ್ಕೋಸ್ಕರ ಎರಡು ದಿನ ಜಗಳ ಆಡಿದೆವಲ್ರೀ!"

"ಅಣ್ಣನ ಪಕ್ಕಾನೇ ಬಂದ್ರೆ ನಿಮ್ಮನ್ನ ಸುಮ್ಮನೆ ಬಿಡಲ್ಲ," ಎಂದರು ಮೀಟರಿನವರು, ಆಗ ತಾವು ಯಾವ ಸ್ಥಿತಿಯಲ್ಲಿರುತ್ತೇವೆಂಬ ಯೋಚನೆಯಿಲ್ಲದೆ. ಸೂಪರಿಂಟೆಂಡೆಂಟರ ಕಣ್ಣು ಮರದ ನೆರಳಿನ ಕಡೆ ಹೋಯಿತು. ದನಿಗಳು ಏರಿದವು. ಟೀಚರ ತಮ್ಮನ ಮಗ ಕಕ್ಕಾಬಿಕ್ಕಿಯಾಗಿ, ತನ್ನ ಸೋದರತ್ತೆಗಾಗಿ ಇಷ್ಟು ಜನ ಇಷ್ಟೊಂದು ದುಃಖಪಡುತ್ತಾರೆಂದು ಗೊತ್ತಿರಲಿಲ್ಲ ಎಂದು ಕಣ್ಣೊರೆಸಿಕೊಂಡ.

"ಸಾಕು ಸುಮ್ಮನಿರಿ ಎಲ್ಲ," ಎಂದರು ಅತ್ತೆ. "ಹೆಣ ಕಾಯ್ತಿದೆ."

ಮೊದಲ ಹಿಡಿ ಮಣ್ಣು ಹಾಕಿದವರು ಅವರೇ. ಸ್ವಲ್ಪ ಜೋರಾಗಿಯೇ ಹಾಕಿದರು ಎಂದು ದರ್ಜಿಯ ಹೆಂಡತಿ ಆಮೇಲೆ ಹೇಳಿದ್ದುಂಟು.

ಅದರ ಮುಂದಿನ ಭಾನುವಾರ ಅತ್ತೆ ಸ್ಮಶಾನಕ್ಕೆ ಹೋಗಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಬಾಗಿಲಲ್ಲಿ ನಿಂತು ಎದುರಿನ ಮುಚ್ಚಿದ ಬಾಗಿಲು ನೋಡುವರು, ಒಳಗೆ ಬರುವರು. ಅಳಿಯನನ್ನು ಬಯ್ಯಲೂ ಇಲ್ಲ. ಬಯ್ಯುವ ವರದಿಯನ್ನು ಒಪ್ಪಿಸಲು ಸ್ಥಳವಿಲ್ಲದೆ ಅದು ಅವರೊಳಗೇ ಉಳಿಯಿತು. ಊಟ ಕಡಿಮೆಯಾಯಿತು. "ಅಮ್ಮ ಒಂದು ಸಲ ಬಯ್ದುಬಿಟ್ಟಿದ್ರೆ ಚೆನ್ನಾಗಿತ್ತು," ಎಂದಳು ಹೆಂಡತಿ. ಗುಮಾಸ್ತನಿಗೂ ಹಾಗೆಯೇ ಅನ್ನಿಸುತ್ತಿತ್ತು. ಅವನು ಕಚೇರಿಗೆ ಹೋಗಿ ನೆತ್ತಿಯ ಮೇಲಿನ ಸ್ಟ್ರಕ್ಚರುಗಳನ್ನೆಲ್ಲ ಒಂದೊಂದಾಗಿ ಅಳಿಸಿದ. ಅಳಿಸಿದರೂ ಪ್ರೋಗ್ರಾಮಿಗೆ ಏನೂ ಆಗಲಿಲ್ಲ. ಇದ್ದಾಗಲೂ ಆಗಿರಲಿಲ್ಲವಲ್ಲ.

ಒಂದು ದಿನ ಅವನು ಕಚೇರಿಗೆ ಹೊರಟಾಗ ಅತ್ತೆ ಬಾಗಿಲ ಹತ್ತಿರ ಕೂತಿದ್ದರು.

"ಕಾಲುದಾರಿಯಾಚೆ ಎಂಟನೇ ಸಾಲಲ್ವಾ? ಅವರಿಬ್ಬರ ಎದುರಿಗೆ?"

"ಹೌದು ಅತ್ತೆ. ಖಾಲಿ ಇದೆ."

"ಅಲ್ಲಿ ಹಾಕಿ ನನ್ನನ್ನ."

"ಅಷ್ಟು ದೂರ..."

"ದೂರ ಏನು, ಒಂದು ಬೀದಿ ಅಗಲ. ಇಷ್ಟು ವರ್ಷ ಅವಳು ಎದುರುಮನೇಲಿದ್ಲು. ಇನ್ನು ನಾನು ಇರ್ತೀನಿ."

ಗುಮಾಸ್ತ ಸೂಪರಿಂಟೆಂಡೆಂಟರ ಮುಂದೆ ನಿಂತು ಅಪ್ಪಣೆ ಕೇಳಿದ. ಗಂಡನ 'ಪಕ್ಕ' ಎಂಬುದರಲ್ಲಿ ಎದುರಿನ ಜಾಗವೂ ಸೇರುತ್ತದೆಂದು ಅವರು ನಿಯಮವನ್ನು ಸ್ವಲ್ಪ ಎಳೆದು ಒಪ್ಪಿದರು. ಪ್ರೋಗ್ರಾಮಿನಲ್ಲಿ ಮರದ ಗೆರೆಯ ಕೆಳಗೆ, ನಲ್ಲಿಯ ಕೆಳಗೆ, ಶೆಡ್ಡಿನ ಕೆಳಗೆ ಗುಮಾಸ್ತ ಒಂದು ಚಿಕ್ಕ ಗೆರೆ ಬರೆದ. ಸ್ಟ್ರಕ್ಟ್ ಜಾಗ ಅತ್ತೆ, ಅದರ ಮುಂದೆ ಎರಡು ಅಂಕೆ, ಸೆಮಿಕೋಲನ್. ತಪ್ಪು ಸೊನ್ನೆ ಎಂದಿತು ಕಂಪ್ಯೂಟರು. ಆ ಮಾತನ್ನು ಅವನು ಈಗ ನಂಬುವ ಹಾಗಿರಲಿಲ್ಲ. ಪ್ರೋಗ್ರಾಮಿನ ಒಂದು ಪ್ರತಿ ಮಾಡಿಕೊಂಡು, ಅದರಲ್ಲಿ ತನ್ನದೇ ಹೆಸರನ್ನು ಮತ್ತೆ ಮತ್ತೆ ಒತ್ತಿ, ತಾನೇ ಸತ್ತು ಸತ್ತು ಏಳನೇ ಸಾಲು ತುಂಬಿಸಿದ. ಎಂಟನೇ ಸಾಲಿನಲ್ಲಿ ಹನ್ನೊಂದಾದ ಮೇಲೆ ಯಂತ್ರ ಹದಿಮೂರು ಎಂದಿತು. ಅತ್ತೆಯ ಜಾಗ ಬಿಟ್ಟಿತ್ತು.

ಆ ಭಾನುವಾರ ಅತ್ತೆ ಹೊರಟರು. ಗುಮಾಸ್ತ ಕುರ್ಚಿ ಹೊತ್ತು ಹಿಂದೆ ನಡೆದ. ಎಂಟನೇ ಸಾಲಿನಲ್ಲಿ ಅದನ್ನು ಬಿಡಿಸಿಟ್ಟ. ಅತ್ತೆ ಕೂತು, ಕಾಲು ಚಾಚಿ, ಎದುರಿನ ಎರಡನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಸೆರಗಿನಡಿಯಿಂದ ಅವತ್ತಿನ ಪೇಪರು ತೆಗೆದರು. ಕನ್ನಡಕ ಹಾಕಿಕೊಂಡರು. ಪದಬಂಧದ ಪುಟ ಹುಡುಕುವುದು ಅವರಿಗೆ ಸ್ವಲ್ಪ ಕಷ್ಟವಾಯಿತು.

"ಎಡದಿಂದ ಬಲಕ್ಕೆ," ಎಂದು ದನಿಯೆತ್ತಿ ಓದಿದರು, ಬೀದಿಯಾಚೆಗೆ ಕೇಳುವಷ್ಟು. "ಮೂರಕ್ಷರ. ಜೊತೆಗಾತಿ."

ಗಾಳಿ ಪೇಪರಿನ ಅಂಚನ್ನು ಅಲುಗಿಸಿತು. ಗುಮಾಸ್ತ ಹಿಂದೆ ನಿಂತು ಯೋಚಿಸಿದ.

"ಗೊತ್ತಾಗ್ತಿಲ್ಲ ಅತ್ತೆ," ಎಂದ.

ಅತ್ತೆ ತಿರುಗಿ ನೋಡಲಿಲ್ಲ.

"ನಿಮ್ಮನ್ನಲ್ಲ ಕೇಳಿದ್ದು."